ಎಮ್ಮೆಯ ಹೊಟ್ಟೆಯಲ್ಲಿ ಸಿಕ್ಕ ಗಂಟುಗಳು

ಕೋಟೆಬೀದಿಯ ಚೆನ್ನಾಜಮ್ಮನ ಎಮ್ಮೆಯಂಥ ಎಮ್ಮೆ ಸುತ್ತ ಏಳು ಸೀಮೆಯಲ್ಲಿ ಇರಲಿಲ್ಲ. ಅದರ ಒಂದು ಕೊಂಬಿನ ತುದಿಯಲ್ಲಿ ಕೂತ ಕಾಗೆ ಕೂಗಿದರೆ ಇನ್ನೊಂದು ತುದಿಯ ಕಾಗೆಗೆ ಕೇಳಿಸುತ್ತಿರಲಿಲ್ಲ. ಅದರ ಹಾಲಿಗೆ ಬೀದಿಯ ಕೊಡಗಳೆಲ್ಲ ಸಾಲುತ್ತಿರಲಿಲ್ಲ. ಅನುಮಾನವಿದ್ದವರು ಹೋಗಿ ಆ ಬೀದಿಯ ಮಕ್ಕಳ ಕೆನ್ನೆ ನೋಡಿ ಬನ್ನಿ!

ಅಂಥ ಎಮ್ಮೆ ಒಂದು ದಿನ ಮೇವು ಬಿಟ್ಟಿತು. ಹೊಟ್ಟೆ ಉಬ್ಬಿ ತಮಟೆಯಾಯಿತು. ಮೂರನೇ ದಿನ ನಡುಬೀದಿಯಲ್ಲೇ ಬಿತ್ತು. ಚೆನ್ನಾಜಮ್ಮ ಗಂಡ ಸತ್ತಾಗಲೂ ಹಾಗೆ ಅತ್ತವಳಲ್ಲ. ದನದ ಡಾಕ್ಟ್ರು ಓಡಿ ಬಂದು, ಪಕ್ಕೆ ಕೊಯ್ದು, ಕೈ ಹಾಕಿದರು. ಬಂದದ್ದು ಪ್ಲಾಸ್ಟಿಕ್ ಕವರು. ಎಳೆದರು, ಎಳೆದರು, ಹೊತ್ತು ನೆತ್ತಿಗೇರಿದರೂ ಎಳೆಯುತ್ತಲೇ ಇದ್ದರು. ಹಾಸಿದ್ದರೆ ಕೆರೆ ಏರಿ ಮುಟ್ಟುತ್ತಿತ್ತು. ಒಂದೊಂದು ಕವರಿನ ಬಾಯಿಗೂ ಬಿಗಿ ಗಂಟು. ಡಾಕ್ಟ್ರು ಕೈ ತೊಳೆಯುವ ಮೊದಲೇ ಎಮ್ಮೆ ಕಣ್ಣು ಮುಚ್ಚಿತು.

ಗಂಟು ನೋಡಿದ್ದೇ ತಡ, ಚೆನ್ನಾಜಮ್ಮನ ಅಳು ನಿಂತು ಕಣ್ಣು ಕೆಂಡವಾಯಿತು. ಮೊದಲೆಲ್ಲ ಪ್ರತಿ ಮನೆಯ ಮುಂದೆ ಮುಸುರೆಯ ಕಲ್ಲುಬಾನಿ ಇತ್ತು. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಮಿಕ್ಕ ಅನ್ನ, ಎಲ್ಲ ಅದಕ್ಕೇ. ದನಗಳು ಕುಡಿದು ಹೋಗುತ್ತಿದ್ದವು. ಬೈಕು ನಿಲ್ಲಿಸಲು ಜಾಗ ಬೇಕೆಂದು ಜನ ಬಾನಿಗಳನ್ನು ಹಿತ್ತಲಿಗೆ ಉರುಳಿಸಿದರು. ಈಗ ಮಿಕ್ಕ ಅನ್ನವನ್ನು ಕವರಿಗೆ ತುಂಬಿ, ಗಂಟು ಹಾಕಿ, ಕಂಬದ ಬುಡಕ್ಕೆ ಎಸೆದು, ಪುಣ್ಯ ಬಂತೆಂದು ಕೈ ಒರೆಸಿಕೊಳ್ಳುತ್ತಿದ್ದರು.

ಚೆನ್ನಾಜಮ್ಮ ಕವರುಗಳನ್ನು ಮಂಕರಿಗೆ ತುಂಬಿ ಎದುರುಮನೆ ಅನಸೂಯಮ್ಮನ ಜಗಲಿಗೆ ಸುರಿದಳು.

"ಏನೇ ಚೆನ್ನಾಜಿ, ಇದೇನೇ ಈ ಗಲೀಜು?"

"ನಿಮ್ಮ ಪುಣ್ಯ ಕಣಮ್ಮಾ. ಎಮ್ಮೆಗೆ ಅರಗಲಿಲ್ಲ, ವಾಪಸು ತಂದಿದೀನಿ."

"ಅಯ್ಯೋ, ಮೂಕಪ್ರಾಣಿಗೆ ಅನ್ನ ಹಾಕೋದೂ ತಪ್ಪಾ?"

"ಗಂಟು ಬಿಚ್ಚೋಕೆ ಅದಕ್ಕೆ ಕೈ ಇದೆಯಾ? ಮೊಮ್ಮಗನಿಗೆ ಬಾಳೆಹಣ್ಣು ಕೊಡುವಾಗ ಸಿಪ್ಪೆ ಸುಲೀತೀರೋ, ಹಾಗೇ ತುರುಕ್ತೀರೋ?"

ಅನಸೂಯಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ಸರಿದಳು.

ಚೆನ್ನಾಜಮ್ಮ ಬೀದಿಗೆಲ್ಲ ಕೇಳುವಂತೆ ಕೂಗಿದಳು. "ಬಾನಿಗಳು ಹೊರಗೆ ಬರೋವರೆಗೆ ನನ್ನ ಎಮ್ಮೆ ಇಲ್ಲಿಂದ ಏಳಲ್ಲ!"

ಆ ಎಮ್ಮೆ ಸತ್ತು ಬಿದ್ದರೂ ಗುಡ್ಡದಷ್ಟಿತ್ತು. ಬೀದಿಯ ಈ ಗೋಡೆಗೆ ತಲೆ, ಆ ಗೋಡೆಗೆ ಬಾಲ. ಬೈಕುಗಳು ನಿಂತಲ್ಲೇ ನಿಂತವು. ಗಂಡಸರು ಗದರಿದರು, ಆಮೇಲೆ ಬೇಡಿದರು. ಅವಳು ಎಮ್ಮೆಯ ತಲೆ ಬಿಟ್ಟು ಕದಲಲಿಲ್ಲ.

ಇಳಿಹೊತ್ತಿಗೆ ಕಲ್ಲು ಉರುಳುವ ಸದ್ದು ಕೇಳಿತು. ಅನಸೂಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೆವರು ಸುರಿಸುತ್ತ ಬಾನಿ ತಳ್ಳಿಕೊಂಡು ಬರುತ್ತಿದ್ದಳು. ಅವಳ ಹಿಂದೆ ಇನ್ನೊಂದು ಮನೆ, ಮತ್ತೊಂದು ಮನೆ. ಕೊನೆಯ ಬಾನಿ ನೆಲಕ್ಕೆ ಕೂತಾಗ ಚೆನ್ನಾಜಮ್ಮ ಎದ್ದಳು. ಎಮ್ಮೆಗೆ ಗುಂಡಿ ತೋಡಲು ಗುದ್ದಲಿ ಎತ್ತಿಕೊಂಡಳು.

ನೀತಿ: ದನಕ್ಕೆ ಹಾಕುವ ಅನ್ನವನ್ನು ಬಾನಿಗೆ ಸುರಿಯಿರಿ, ಅಂಗಡಿಗೆ ಹೋಗುವಾಗ ಬಟ್ಟೆ ಚೀಲ ಹಿಡಿಯಿರಿ. ನಮ್ಮ ಕೈ ಗಲೀಜಾಗಬಾರದೆಂದು ಮೂಕಜೀವದ ಹೊಟ್ಟೆಗೆ ವಿಷ ತುಂಬಿ, ಅದನ್ನು ಪುಣ್ಯ ಎನ್ನುವುದಕ್ಕಿಂತ ನಾಚಿಕೆಗೇಡು ಇನ್ನೊಂದಿಲ್ಲ.