ಚೀಟಿಯ ಮೇಲಿನ ಎಲೆ

ಮುಳ್ಳುತಂತಿಗೆ ಸಿಕ್ಕಿ ಮೊಣಕಾಲು ಹರಿದುಕೊಂಡ ಮುದಿ ಆಡೊಂದು ಪಶು ಆಸ್ಪತ್ರೆಯ ಜಗಲಿಯಲ್ಲಿ ಡಾಕ್ಟರರ ದಾರಿ ಕಾಯುತ್ತಿತ್ತು. ಪಕ್ಕದ ಬೆಂಚಿನ ಮೇಲೆ ಗಾಯಕ್ಕೆ ಹಚ್ಚುವ ನೇರಳೆ ಬಣ್ಣದ ಔಷಧಿಯ ಸೀಸೆ, ಎದೆಯ ಚೀಟಿಯಲ್ಲಿ ಹಸಿರೆಲೆಯ ಚಿತ್ರ ಹೊತ್ತು, ಮದುಮಗನ ಹಾಗೆ ಬೀಗುತ್ತಾ ನಿಂತಿತ್ತು.

"ದೂರ ನಿಲ್ಲಯ್ಯಾ. ನಾನು ಅಪ್ಪಟ ಸಸ್ಯಮೂಲದವನು," ಎಂದಿತು ಸೀಸೆ.

ಆಡು ಮುಟ್ಟದ ಸೊಪ್ಪಿಲ್ಲ ಎಂದು ಲೋಕವೇ ಹೇಳುತ್ತದೆ. ಆಡು ಮೂಸಿ ನೋಡಿತು. "ಇಂಥ ಸೊಪ್ಪನ್ನು ನಾನು ಕಂಡೇ ಇಲ್ಲವಲ್ಲ. ತಾವು ಯಾವ ಗಿಡ, ಸ್ವಾಮಿ?"

ಸೀಸೆ ಗಂಟಲು ಸರಿಮಾಡಿಕೊಂಡಿತು. "ಹುಟ್ಟಿದ್ದು ಕಾರ್ಖಾನೆಯಲ್ಲಿ, ಕಲ್ಲಿದ್ದಲಿನ ಟಾರಿನಿಂದ. ಆದರೆ ಆ ಕಲ್ಲಿದ್ದಲು ಕೋಟ್ಯಂತರ ವರ್ಷಗಳ ಹಿಂದೆ ಕಾಡಾಗಿತ್ತು!"

"ಓಹೋ! ಹಾಗಾದರೆ ನಾಳೆಯಿಂದ ನಾನು ಟಾರು ರಸ್ತೆಯಲ್ಲೇ ಮೇಯುತ್ತೇನೆ."

"ನಂಬಿಕೆ ಇಲ್ಲವೇ? ಚೀಟಿ ಓದಿ ನೋಡು!"

ಆಡಿಗೆ ಓದು ಬಾರದು. ತನಗೆ ಬಂದ ವಿದ್ಯೆಯಿಂದಲೇ ಪರೀಕ್ಷಿಸಿತು: ಚೀಟಿಯನ್ನು ಕಿತ್ತು, ಎಲೆಯ ಸಮೇತ ಜಗಿದು ನುಂಗಿತು.

"ಅಯ್ಯೋ, ನನ್ನ ಮರ್ಯಾದೆ!" ಎಂದು ಸೀಸೆ ಬೊಬ್ಬೆ ಹೊಡೆಯಿತು.

"ನಿನ್ನಲ್ಲಿ ಗಿಡದ್ದು ಅಂತ ಇದ್ದದ್ದು ಆ ಕಾಗದವೊಂದೇ. ಅದು ನನ್ನ ಹೊಟ್ಟೆ ಸೇರಿತು," ಎನ್ನುತ್ತಾ ಆಡು ಗಾಯದ ಕಾಲನ್ನು ಮುಂದಿಟ್ಟಿತು. "ಉಳಿದದ್ದು ಔಷಧಿಯೇ ಆಗಿದ್ದರೆ, ಬಾ, ಕೆಲಸ ಮಾಡು."