ಮೂಲೆಯವನು ಮತ್ತು ಪಕ್ಕದವನು

"ಗುರುಗಳೇ, ಒಬ್ಬರ ಬಲ ಕುಂದಿದೆ ಎಂದು ತಿಳಿದ ಮೇಲೆ, ಅವರ ಅರಿವಿಗೆ ಬಾರದಂತೆ ಅವರ ಕೆಲಸವನ್ನು ನಾವೇ ಮಾಡಿ ಮುಗಿಸುವುದು ಕರುಣೆಯಲ್ಲವೇ?" ಎಂದು ಶಿಷ್ಯನು ಕೇಳಿದನು.

ಮಠದ ದಾಸೋಹದಲ್ಲಿ ಅಡುಗೆಯ ಹೊಣೆ ಹೊತ್ತಿದ್ದ ಚೆನ್ನವೀರಪ್ಪನವರಿಗೆ ಈಚೆಗೆ ಸಾರಿನ ಕೊಪ್ಪರಿಗೆ ಇಳಿಸುವುದು ಕಷ್ಟವಾಗಿತ್ತು. ಅವರು ಆಚೆ ಹೋದ ಹೊತ್ತು ನೋಡಿ ಶಿಷ್ಯನು ಅದನ್ನು ಇಳಿಸಿಡುತ್ತಿದ್ದನು. ಗುರುಗಳಿಗೆ ಅದು ಗೊತ್ತಿತ್ತು. ಅವರು ಉತ್ತರ ಹೇಳಲಿಲ್ಲ, ಕತೆ ಹೇಳಿದರು.

ಒಂದು ಕಬಡ್ಡಿ ತಂಡವಿತ್ತು. ಸಂಬಳಕ್ಕೆ ಆಡುವ ತಂಡ. ಅಂಥ ತಂಡಗಳು ಆಟಗಾರನನ್ನು ಹರಾಜಿನಲ್ಲಿ ಕೊಳ್ಳುತ್ತವೆ, ಕೊಂಡದ್ದಕ್ಕೆ ಗೌರವ ಎಂದು ಹೆಸರಿಡುತ್ತವೆ, ಮೈ ಸವೆದ ಮೇಲೆ ಅವನ ಹೆಸರನ್ನು ಮರೆಯುತ್ತವೆ. ಆ ತಂಡದಲ್ಲಿ ಒಬ್ಬ ಹಿಡಿಯುವವನಿದ್ದನು. ಅಂಕಣದ ಬಲಮೂಲೆ ಅವನದು. ಎದುರು ತಂಡದ ರೈಡರ್ 'ಕಬಡ್ಡಿ ಕಬಡ್ಡಿ' ಎನ್ನುತ್ತ ಒಳಗೆ ಬಂದರೆ, ಉಸಿರು ಮುಗಿಯುವ ತನಕ ಅವನ ಕಾಲು ಹಿಡಿದು ನಿಲ್ಲಿಸಿಕೊಳ್ಳುವುದು ಮೂಲೆಯವನ ಕಸುಬು.

ಅವನು ಮೀಸೆ ಚಿಗುರುವ ವಯಸ್ಸಿನಲ್ಲಿ ತಂಡಕ್ಕೆ ಬಂದನು. ಮೊದಲ ಸೀಸನ್ನಿನಲ್ಲಿ ಹಲ್ಲು ಹೋಯಿತು, ಹಿಡಿತ ಸಿಗಲಿಲ್ಲ. ಅನಂತರ ಸಿಕ್ಕಿತು. ಹಲವು ವರ್ಷ ಅವನ ಮೂಲೆಗೆ ಬಂದ ರೈಡರ್‌ಗಳು ಸುಲಭವಾಗಿ ಮರಳಲಿಲ್ಲ. ಆದರೂ ಜನ ಅವನ ಹೆಸರು ಕೂಗಲಿಲ್ಲ. ರೈಡರ್ ತಪ್ಪಿಸಿಕೊಂಡರೆ ರೈಡರನ ಹೆಸರು ಕೂಗಿದರು. ಸಿಕ್ಕಿಬಿದ್ದರೆ ಅಯ್ಯೋ ಎಂದು ಆಗಲೂ ರೈಡರನ ಹೆಸರನ್ನೇ ಕೂಗಿದರು.

ಅವನನ್ನು ಬಲ್ಲವನು ಒಬ್ಬನೇ. ಅವನ ಪಕ್ಕದಲ್ಲಿ ನಿಲ್ಲುವವನು. ವಯಸ್ಸಿನಲ್ಲಿ ಕಿರಿಯನು, ಮೂಲೆಯವನನ್ನು ಅಣ್ಣ ಎಂದೇ ಕರೆಯುತ್ತಿದ್ದನು. ಹೊಸತರಲ್ಲಿ ರೈಡರನ ಪಾದ ನೋಡಿ ಮೋಸಹೋಗುತ್ತಿದ್ದ ಅವನಿಗೆ ಸೊಂಟ ನೋಡುವುದನ್ನು ಕಲಿಸಿದವನು ಮೂಲೆಯವನೇ. ಪಾದ ಸುಳ್ಳು ಹೇಳಬಲ್ಲದು, ಸೊಂಟ ಹೇಳಲಾರದು.

ಹಿಡಿಯುವವರು ಕೈಕೈ ಹಿಡಿದು ನಿಲ್ಲುತ್ತಾರೆ. ಮೂಲೆಯವನು ಬಾಗಿ ಪಾದವನ್ನು ಕಾಯುತ್ತಾನೆ. ಪಕ್ಕದವನು ಸೊಂಟವನ್ನು ಕಾಯುತ್ತಾನೆ. ರೈಡರನ ಭಾರ ಒಂದು ಕಾಲಿಗೆ ವಾಲಿದ ಕ್ಷಣ ಪಕ್ಕದವನು ಮೂಲೆಯವನ ಅಂಗೈ ಒತ್ತುತ್ತಾನೆ. ಆಗ ಮಾತ್ರ ಮೂಲೆಯವನು ಕೈ ಬಿಡಿಸಿಕೊಂಡು ಧುಮುಕುತ್ತಾನೆ. ಒತ್ತುವ ಮೊದಲು ಧುಮುಕಿದರೆ ಒಬ್ಬರಿಗೊಬ್ಬರು ತಾಗಿ ಇಬ್ಬರೂ ಬೀಳುತ್ತಾರೆ. ಆ ಕ್ರಮವನ್ನು ಅವರು ಎಂದೂ ಮುರಿದಿರಲಿಲ್ಲ.

ಒಂದು ವರ್ಷ ಮೂಲೆಯವನ ಮಣಿಕಟ್ಟು ಮುರಿಯಿತು. ಮೂಳೆ ಕೂಡಿತು. ತಂಡದ ಯಜಮಾನರು, "ಈ ಸೀಸನ್ ನೋಡೋಣ. ಹಿಡಿತ ಕಂಡರೆ ಮುಂದೆಯೂ ಇರಲಿ" ಎಂದರು. ಅವನಿಗೆ ಬೇರೆ ಕಸುಬು ಬರುತ್ತಿರಲಿಲ್ಲ. ಬೇರೆ ಯಾವುದರ ಮೇಲೂ ಅಷ್ಟು ಪ್ರೀತಿ ಇರಲಿಲ್ಲ.

ಮೊದಲ ಪಂದ್ಯದಲ್ಲಿ ಕೈ ಹಿಡಿದಾಗಲೇ ಪಕ್ಕದವನಿಗೆ ತಿಳಿಯಿತು. ಮೂಲೆಯವನ ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ. ಧುಮುಕಿದರೆ ರೈಡರನ ಕಾಲು ಕೈಯಿಂದ ಜಾರುತ್ತದೆ, ಜಾರಿದರೆ ಎಲ್ಲರಿಗೂ ಕಾಣುತ್ತದೆ, ಕಂಡರೆ ಅಣ್ಣನನ್ನು ಮನೆಗೆ ಕಳುಹಿಸುತ್ತಾರೆ ಎಂದು ಅವನು ಎಣಿಸಿದನು. ಯಾರಿಗೂ ಹೇಳಲಿಲ್ಲ. ಅಂಗೈ ಒತ್ತುವುದನ್ನು ನಿಲ್ಲಿಸಿಬಿಟ್ಟನು. ಮೂಲೆಗೆ ಬಂದ ರೈಡರನನ್ನು ತಾನೇ ನುಗ್ಗಿ ಸೊಂಟ ಹಿಡಿದು ಕೆಡವಿದನು. ಒದೆಗಳೆಲ್ಲ ಅವನ ಎದೆಗೆ ಬಿದ್ದವು. ಕೆಮ್ಮಿದರೂ ನೋಯುತ್ತಿತ್ತು.

"ಏನೋ, ನನ್ನ ಪಾಲಿಂದೂ ನೀನೇ ತಿಂತಿದ್ದೀಯಲ್ಲ?" ಎಂದು ಮೂಲೆಯವನು ಒಮ್ಮೆ ಕೇಳಿದನು.

"ನಿನ್ನ ಮೂತಿ ನೋಡಿದ್ರೆ ಸಾಕು, ರೈಡರ್‌ಗಳು ಹೆದರಿ ನನ್ನ ಕಡೆ ಓಡಿಬರ್ತಾರೆ ಅಣ್ಣ. ನಾನೇನು ಮಾಡ್ಲಿ?"

ಮೂಲೆಯವನು ನಕ್ಕನು. ಮತ್ತೆ ಬಾಗಿ ನಿಂತು ಕಾದನು.

ಸೀಸನ್ನಿನ ಕೊನೆಯ ಪಂದ್ಯ, ಕೊನೆಯ ದಾಳಿ. ಆ ಮೂಲೆಯಲ್ಲಿ ಈ ವರ್ಷ ಕಾಲು ಹಿಡಿಯುವವರಿಲ್ಲ ಎಂಬುದು ರೈಡರನಿಗೆ ಗೊತ್ತಿತ್ತು. ಅವನು ನೇರ ಅಲ್ಲಿಗೇ ಬಂದು ಮೂಲೆಯವನ ಮುಂದೆ ಕಾಲೂರಿದನು. ಭಾರವೆಲ್ಲ ಆ ಕಾಲಿನ ಮೇಲಿತ್ತು. ಪಕ್ಕದವನು ಅದನ್ನು ಕಂಡನು. ಒತ್ತಲಿಲ್ಲ. ತಾನೇ ನುಗ್ಗಿದನು. ಜಜ್ಜಿದ ಎದೆಯಲ್ಲಿ ಉಸಿರು ಸಾಲದೆ ತೋಳು ತಡವಾಯಿತು. ರೈಡರ್ ಅವನನ್ನು ಮುಟ್ಟಿ ನಡುಗೆರೆ ದಾಟಿದನು. ತಂಡ ಸೋತಿತು.

ಯಜಮಾನರು ಅಂಕಣದ ಅಂಚಿನಲ್ಲೇ ತೀರ್ಮಾನ ಹೇಳಿದರು. ಮೂಲೆಯವನ ಹೆಸರಿನಲ್ಲಿ ಆ ಸೀಸನ್ನಿನ ಒಂದು ಹಿಡಿತವೂ ಇರಲಿಲ್ಲ. ಅಂಥವನಿಗೆ ಮುಂದೆ ಜಾಗವಿಲ್ಲ ಎಂದರು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಇಬ್ಬರೇ ಉಳಿದರು.

"ಕಾಲು ನನ್ನ ಮೂಗಿನ ಮುಂದೇ ಇತ್ತು. ಯಾಕೋ ಒತ್ತಲಿಲ್ಲ?" ಎಂದು ಮೂಲೆಯವನು ಕೇಳಿದನು.

"ನಿನ್ನ ಬೆರಳು ಮಡಚೋದಿಲ್ಲ ಅಣ್ಣ. ನನಗೆ ಮೊದಲ ದಿನವೇ ಗೊತ್ತಾಯ್ತು. ಅಷ್ಟು ಜನರ ಮುಂದೆ ನೀನು ಕೈ ಜಾರಿ ಬೀಳೋದನ್ನ ನೋಡೋಕೆ ನನ್ನಿಂದ ಆಗ್ತಿರಲಿಲ್ಲ."

ಮೂಲೆಯವನು ಅವನ ಅಂಗಿ ಬಿಚ್ಚಿಸಿದನು. ಎದೆಯೆಲ್ಲ ನೀಲಿಗಟ್ಟಿತ್ತು. ಮಡಚದ ಬೆರಳುಗಳಿಂದ ಅದರ ಮೇಲೆ ಮೆಲ್ಲಗೆ ಎಣ್ಣೆ ಹಚ್ಚತೊಡಗಿದನು.

"ನನ್ನ ಬೆರಳಿನ ಸಂಗತಿ ನನಗೆ ಗೊತ್ತಿಲ್ವೇನೋ, ದಡ್ಡ? ಅದಕ್ಕೇ ಮೊಣಕೈ ಸಂದಿಯಲ್ಲಿ ಕಾಲು ಸಿಕ್ಕಿಸಿ ಎದೆಗೆ ಅವಚಿಕೊಳ್ಳೋದನ್ನ ಕಲಿತೆ. ದಿನಾ ಬೆಳಗ್ಗೆ ನನ್ನ ಭಾವಮೈದುನನ ಕಾಲು ಎಳೆದೆಳೆದು ಕಲಿತೆ. ಎತ್ತಿನಂಥವನು, ಅವನ ಕೈಲೂ ಬಿಡಿಸಿಕೊಳ್ಳೋಕೆ ಆಗಲಿಲ್ಲ."

"ನನಗೆ ಒಂದು ಮಾತು ಹೇಳಬಾರದಿತ್ತಾ ಅಣ್ಣ?"

"ನನ್ನ ಕೈ ನಿನ್ನ ಕೈಯಲ್ಲೇ ಇತ್ತಲ್ಲೋ. ಬೇರೆ ಹೇಳಬೇಕು ಅಂತ ಅನ್ನಿಸಲಿಲ್ಲ. ನೀನು ಒತ್ತಲಿ ಅಂತ ಕಾಯ್ತಿದ್ದೆ."

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯನು, "ಪಕ್ಕದವನು ತನ್ನ ಎದೆಯನ್ನೇ ಒಡ್ಡಿದನಲ್ಲ, ಗುರುಗಳೇ. ಅದು ಪ್ರೀತಿಯಲ್ಲವೇ?" ಎಂದನು.

"ಪ್ರೀತಿಯೇ, ಮಗು; ಆ ಪ್ರೀತಿಯ ಕಣ್ಣಿನಲ್ಲಿ ಅಣ್ಣನು ಮೊದಲ ದಿನವೇ ಸೋತಿದ್ದನು."