ಬಿನೆಯ ಮೂಕ ವ್ಯಾಪಾರ

ಉಪ್ಪಿಗೆ ಚಿನ್ನ ತೂಗುತ್ತಿದ್ದ ಕಾಲದ ಮಾತು, ಕೇಳಿ. ಆಫ್ರಿಕಾದಲ್ಲಿ ವಗಾದು ಅಂತ ದೊಡ್ಡ ರಾಜ್ಯ. ಅಲ್ಲಿ ರಾಜನ ನಾಯಿಗಳ ಕೊರಳಿಗೂ ಚಿನ್ನದ ಪಟ್ಟಿ. ವಿಧವೆ ಕುಂಬಾಳ ಮನೆಯಲ್ಲಿ ಮಾತ್ರ ಹಿಡಿ ಸಜ್ಜೆಗೂ ಗತಿಯಿಲ್ಲ. ಇದ್ದದ್ದು ಎರಡು ಉಪ್ಪಿನ ಚಪ್ಪಡಿ, ಒಬ್ಬ ಪೆದ್ದ ಮಗ ಬಿನೆ.

"ಮಗಾ, ನದಿ ದಡಕ್ಕೆ ಹೋಗಿ ಈ ಒಂದು ಚಪ್ಪಡಿ ಕೊಟ್ಟು ಚಿನ್ನ ತಾ. ಚಿನ್ನ ಬಂದ್ರೆ ಸಜ್ಜೆ, ಸಜ್ಜೆ ಬಂದ್ರೆ ಜೀವ. ದಾರೀಲಿ ಕಳ್ಳರಿದಾರೆ, ಉಪ್ಪಿನ ಮೇಲೆ ಕಣ್ಣಿಟ್ಟಿರು!"

"ಆಗಲಮ್ಮ!"

ದಾರಿಯಲ್ಲಿ ಬಿನೆ ಚಪ್ಪಡಿ ಇಳಿಸಿದ, ಬಗ್ಗಿದ, ಅದರ ಮೇಲೆ ಕಣ್ಣಿಟ್ಟ. ಒಂದು ಕಣ್ಣಲ್ಲ, ಎರಡೂ! ಉರಿಯೋ ಉರಿ! ಹೆಜ್ಜೆ ಸಪ್ಪಳ ಕೇಳಿದರೂ ಸುಮ್ಮನಿದ್ದ. ಕಣ್ಣುಜ್ಜಿ ನೋಡುವಷ್ಟರಲ್ಲಿ ಉಪ್ಪು ಮಾಯ. ಬರಿಗೈಯಲ್ಲಿ ಅಮ್ಮನ ಬಳಿ ಮರಳಿದ.

"ಅಯ್ಯೋ ನನ್ನ ಹಣೆಬರಹವೇ! ಯಾರಾದ್ರೂ ಹತ್ರ ಬಂದ್ರೆ ಗಂಟಲು ಹರಿಯೋ ಹಾಗೆ ಕೂಗಬೇಕು ಕಣೋ!"

"ಆಗಲಮ್ಮ!"

ಉಳಿದ ಚಪ್ಪಡಿ ಹೊತ್ತು ನದಿಗೆ ಹೋದ. ಅಲ್ಲಿಯದು ಮೂಕ ವ್ಯಾಪಾರ. ಉಪ್ಪಿನವರು ಉಪ್ಪನ್ನಿಟ್ಟು, ದಡದ ಡೋಲು ಬಡಿದು ಮರೆಯಾಗಬೇಕು. ಚಿನ್ನದವರು ಬಂದು ಪಕ್ಕದಲ್ಲಿ ಚಿನ್ನವಿಟ್ಟು ಮರೆಯಾಗುತ್ತಾರೆ. ಬೆಲೆ ಒಪ್ಪಿದರೆ ಉಪ್ಪಿನವರು ಚಿನ್ನ ಎತ್ತಿಕೊಳ್ಳಬೇಕು, ಸಾಲದಿದ್ದರೆ ಮುಟ್ಟದೆ ಕಾಯಬೇಕು. ಮಾತಂತೂ ಇಲ್ಲವೇ ಇಲ್ಲ.

ಚಿನ್ನದವರು ಹತ್ತಿರ ಬಂದರೋ ಇಲ್ಲವೋ, ಬಿನೆ ಕೂಗಿದ, "ಕಳ್ಳರು! ಕಳ್ಳರು!" ಅವರು ಚಿನ್ನದ ಸಮೇತ ಓಡಿದರು. ಇವನು ಕೂಗುತ್ತ ಕುಣಿದ. ಕಾಲು ತಾಗಿ ಚಪ್ಪಡಿ ನದಿಗೆ ಬಿದ್ದು ಕರಗಿತು.

ನಗುವುದಿದ್ದರೆ ಇಲ್ಲೇ ನಕ್ಕುಬಿಡಿ, ಮುಂದೆ ನಗು ಬರುವುದಿಲ್ಲ. ಹಸಿವಿನಿಂದ ಕುಂಬಾ ಹಾಸಿಗೆ ಹಿಡಿದಿದ್ದಳು.

"ಅಲ್ಲಿ ತುಟಿ ಬಿಚ್ಚಬಾರದು ಕಣೋ ಪೆದ್ದಾ, ಏನೇ ಆದ್ರೂ! ಬೆಲೆಬಾಳೋದನ್ನ ಇಟ್ಟು, ಡೋಲು ಬಡಿದು, ದೂರ ಕೂರಬೇಕು. ಬೆಲೆ ಸಾಲ್ದಿದ್ರೆ ಏನನ್ನೂ ಮುಟ್ಟಬಾರದು!"

"ಬೆಲೆಬಾಳೋದು ಅಂದ್ರೆ ಏನಮ್ಮ?"

"ಕಳ್ಕೊಂಡ್ರೆ ಮತ್ತೆ ಸಿಗದೇ ಇರೋದು," ಎಂದವಳು ಮಂಪರಿಗೆ ಜಾರಿದಳು.

ಬಿನೆ ಮನೆಯೆಲ್ಲ ಹುಡುಕಿದ. ಮಡಕೆ ಒಡೆದರೆ ಇನ್ನೊಂದು ಸಿಗುತ್ತದೆ. ಚಾಪೆ ಹರಿದರೆ ಇನ್ನೊಂದು ಸಿಗುತ್ತದೆ. ಕೊನೆಗೆ ಅಮ್ಮನನ್ನೇ ಬೆನ್ನ ಮೇಲೆ ಹೊತ್ತು ನಡೆದ.

ದಡದಲ್ಲಿ ಮಲಗಿಸಿದ, ಡೋಲು ಬಡಿದ, ದೂರ ಕೂತ. ಚಿನ್ನದವರು ಬಂದು ನೋಡಿದರು, ಮರುಗಿದರು. ಹಿಡಿ ಚಿನ್ನ ಇಟ್ಟು ಹೋದರು. ಅಮ್ಮನಿಗೆ ಇಷ್ಟೇನಾ? ಸಾಲದು! ಸಜ್ಜೆಯ ಗಂಟು ತಂದಿಟ್ಟರು. ಸಾಲದು! ಸೋರೆಬುರುಡೆಯಲ್ಲಿ ನೀರು ತಂದಿಟ್ಟರು. ಅದೂ ಸಾಲದು!

"ಮಗಾ... ನೀರು..." ಕುಂಬಾಳ ಕೈ ಬುರುಡೆಯತ್ತ ತೆವಳಿತು.

ಬಿನೆ ಓಡಿಬಂದ. ಬೆಲೆ ಒಪ್ಪುವ ಮೊದಲೇ ಮುಟ್ಟುವುದುಂಟೇ? ಅವಳ ಕೈಯನ್ನು ಮೆಲ್ಲಗೆ ಎದೆಯ ಮೇಲೆ ಮಡಿಸಿಟ್ಟ. ತುಟಿಗೆ ಬೆರಳಿಟ್ಟು, ಮಾತಾಡಬೇಡ ಎಂದು ಸನ್ನೆ ಮಾಡಿದ. ಮತ್ತೆ ದೂರ ಹೋಗಿ ಕೂತ.

ಕುಂಬಾ ಮತ್ತೆ ಕರೆಯಲಿಲ್ಲ, ಕೈ ಚಾಚಲಿಲ್ಲ. ಅಂತೂ ಅಮ್ಮನೂ ವ್ಯಾಪಾರ ಕಲಿತಳು ಎಂದು ಬಿನೆ ಹಿಗ್ಗಿದ, ಇನ್ನೊಮ್ಮೆ ಡೋಲು ಬಡಿದ.